ಅವಳ ಕೈ ಹಿಡಿಯುವ ಮುಂಚೆ

ದರ್ಜಿ ಅಕ್ಕ ನ್ಯುಮೋನಿಯಾ ಆಗಿ ಐಸಿಯು ಸೇರಿ ಆರು ದಿನವಾಗಿತ್ತು. ಉಸಿರಾಟ ಸುಧಾರಿಸಿ, ಇನ್ನೇನು ವಾರ್ಡಿಗೆ ಕಳಿಸುತ್ತಾರೆ ಅನ್ನುವಷ್ಟರಲ್ಲಿ ಮತ್ತೆ ಚಳಿಜ್ವರ. ಬಿಪಿ ಇಳಿಯತೊಡಗಿತು.

ಗಂಡ ಬಡಗಿ. ಸುದ್ದಿ ಕೇಳಿ ಕೆಲಸದಿಂದ ಹಾಗೇ ಓಡಿಬಂದು ಹೆಂಡತಿಯ ಕೈ ಹಿಡಿಯಲು ಹೋದರು.

"ಅಣ್ಣಾ, ಒಂದ್ನಿಮಿಷ. ಮೊದಲು ಕೈ ತೊಳ್ಕೊಳ್ಳಿ," ಅಂದರು ನರ್ಸ್.

"ಮೂವತ್ತು ವರ್ಷದಿಂದ ಹಿಡಿದಿರೋ ಕೈ ಕಣಮ್ಮ. ಈಗ ನಾನೇ ಹೊರಗಿನವನಾದೆನಾ?"

"ಹಾಗಲ್ಲಣ್ಣ. ಅಕ್ಕನ ಕುತ್ತಿಗೇಲಿ ನಳಿಗೆ ಇದೆ ನೋಡಿ. ಔಷಧಿ ಅದರಿಂದಲೇ ರಕ್ತಕ್ಕೆ ಹೋಗುತ್ತೆ. ಕೈಯಲ್ಲಿರೋ ರೋಗಾಣುವಿಗೂ ಅದೇ ದಾರಿ. ಈಗ ರಕ್ತಕ್ಕೇ ಸೋಂಕು ಸೇರಿದೆ. ಮಾಮೂಲಿ ಆಂಟಿಬಯೋಟಿಕ್ ಒಂದೂ ನಾಟ್ತಿಲ್ಲ."

"ಅವಳ ಮೈ ಔಷಧಿಗೆ ಒಗ್ಗಿಹೋಯ್ತಾ?"

"ಮೈ ಅಲ್ಲ, ರೋಗಾಣು ಒಗ್ಗಿದೆ. ನಾವು ನೆಗಡಿಗೂ ಆಂಟಿಬಯೋಟಿಕ್ ನುಂಗ್ತೀವಿ, ಮಿಕ್ಕಿದ್ದನ್ನ ಇನ್ನೊಬ್ಬರಿಗೆ ಕೊಡ್ತೀವಿ. ಹೀಗೇ ಅವು ಪಳಗಿಬಿಡ್ತವೆ."

ಬಡಗಿ ತಲೆ ತಗ್ಗಿಸಿದರು. ಮನೆಯಲ್ಲಿ ಯಾರು ಕೆಮ್ಮಿದರೂ ಮಿಕ್ಕ ಮಾತ್ರೆ ಕೊಡುತ್ತಿದ್ದವರು ಅವರೇ. "ಇವಳಿಗೂ ನಾನೇ ಕೈಯಾರೆ..." ಅಂದರು.

ನರ್ಸ್ ದನಿ ತಗ್ಗಿಸಿದರು. "ಇದು ಯಾರಿಂದ ಬಂತು ಅಂತ ಹೇಳೋಕಾಗಲ್ಲ ಅಣ್ಣ. ನಮ್ಮ ಕೈಯಿಂದಲೂ ಬಂದಿರಬಹುದು. ನಾನು ತೊಳೆಯದೆ ಬಂದ್ರೆ ನೀವು ನನ್ನನ್ನೂ ಕೇಳಿ."

ಬಡಗಿ ಉಗುರುಸಂದಿಯ ಮರದ ಪುಡಿ ಹೋಗುವ ತನಕ ತಿಕ್ಕಿ ತೊಳೆದರು. ಆಮೇಲೆ ಬಂದು ಕೈ ಹಿಡಿದರು. ಅಕ್ಕ ಅರ್ಧ ಕಣ್ಣು ತೆರೆದು, "ಮದುವೆ ದಿನಾನೂ ಇಷ್ಟು ತೊಳ್ಕೊಂಡಿರಲಿಲ್ಲ ನೀವು," ಅಂದರು. ಬಡಗಿ ನಗುತ್ತಲೇ ಅತ್ತುಬಿಟ್ಟರು.

ಡಾಕ್ಟರು ನಳಿಗೆ ಬದಲಿಸಿದರು. ಇನ್ನೂ ನಾಟಬಹುದಾದ ಒಂದೆರಡು ಔಷಧಿಗಳಲ್ಲಿ ಒಂದನ್ನು ಶುರುಮಾಡಿದರು. ನಾಲ್ಕು ದಿನ ಜೀವ ಕೈಯಲ್ಲಿ ಹಿಡಿದು ಕೂತದ್ದೇ ಆಯಿತು. ಐದನೇ ದಿನ ಜ್ವರ ಇಳಿಯಿತು.

ಅಕ್ಕ ಮನೆಗೆ ಬಂದ ಮೇಲೆ ಬಡಗಿಯ ತಾಯಿ ಕೇಳಿದರು, "ಜ್ವರ ಹೋಯ್ತಲ್ಲ, ಇನ್ನೂ ಯಾಕೋ ಮಾತ್ರೆ?"

"ಡಾಕ್ಟರು ಸಾಕು ಅನ್ನೋ ತನಕ ಬಿಡಲ್ಲ, ಅಮ್ಮ," ಅಂದರು ಬಡಗಿ, ನಡೆದದ್ದನ್ನೆಲ್ಲ ಹೇಳಿ.

"ಹಾಗಾದ್ರೆ ನನ್ನ ಗಂಟಲು ನೋವಿಗೂ ಅವರ ಹತ್ರಾನೇ ಕರ್ಕೊಂಡು ಹೋಗು. ಮದ್ದು ನೀನು ಕೊಡಬೇಡ!"

ನಿಮ್ಮವರು ಐಸಿಯುನಲ್ಲಿದ್ದರೆ ಮುಟ್ಟುವ ಮುಂಚೆ ಕೈ ತೊಳೆಯಿರಿ. ನಳಿಗೆ ಮುಟ್ಟಬೇಡಿ. ಯಾರೇ ಮರೆತರೂ ಸಂಕೋಚವಿಲ್ಲದೆ ನೆನಪಿಸಿ. ಡಾಕ್ಟರು ಬರೆಯದೆ ಆಂಟಿಬಯೋಟಿಕ್ ನುಂಗಬೇಡಿ, ಬರೆದದ್ದನ್ನು ನಡುವೆ ಬಿಡಬೇಡಿ. ನಿಮ್ಮ ಪ್ರೀತಿಯವರಿಗೆ ಔಷಧಿ ಬೇಕಾದ ದಿನ, ಆ ಔಷಧಿ ನಾಟಬೇಕಲ್ಲವೇ?