ಆರು ಗ್ರಾಂ

"ಆರು ಗ್ರಾಂ ಜಾಸ್ತಿ ಕಣ್ರೀ, ಪರಮಾನಂದ," ಎಂದರು ದ್ವಾರಕಾನಾಥರು, ತಕ್ಕಡಿಯಿಂದ ಕಣ್ಣು ತೆಗೆಯದೆ. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ ಪೀಣ್ಯದಲ್ಲಿ ಈ ಸಣ್ಣ ವರ್ಕ್‌ಶಾಪ್ ತೆರೆದವರು ಅವರು.

ಪರಮಾನಂದನಿಗೆ ನಂಬಿಕೆಯೇ ಬರಲಿಲ್ಲ. ಉಪಗ್ರಹದ ಕ್ಯಾಮೆರಾ ಕೂರಿಸುವ ಅಲ್ಯೂಮಿನಿಯಂ ಚೌಕಟ್ಟು ಅದು. ನಾನೂರ ಹನ್ನೆರಡು ಗ್ರಾಂ ಮೀರುವಂತಿರಲಿಲ್ಲ.

"ಎಲ್ಲಾ ಅಳತಿ ಡ್ರಾಯಿಂಗಿನ್ಯಾಗ ಇದ್ದಂಗ ಐತ್ರಿ ಸರ್. ನೀವ ನೋಡೀರಲ್ರಿ!"

"ಒಂದೊಂದೂ ಸರಿಯಾಗೇ ಇದೆ. ಆದ್ರೆ ಪ್ರತಿ ಗೋಡೆನೂ ದಪ್ಪದ ಕಡೆಗೇ ಬಿಟ್ಟಿದ್ದೀರಲ್ಲ!"

ಬಿಡದೆ ಇನ್ನೇನು? ಹದಿನೆಂಟು ವರ್ಷ ಮಿಲ್ಲಿಂಗ್ ಮಷೀನಿನ ಮುಂದೆ ನಿಂತವನ ಕೈ ಅದು. ಎಷ್ಟು ದಪ್ಪಕ್ಕೆ ಅವಕಾಶವಿದೆಯೋ ಅಷ್ಟನ್ನೂ ಉಳಿಸಿಕೊಳ್ಳುತ್ತಿತ್ತು. ಬೇಕಾದರೆ ಆಮೇಲೆ ಕೊರೆಯಬಹುದು, ಕೊರೆದದ್ದನ್ನು ಮತ್ತೆ ಅಂಟಿಸಲಾದೀತೇ? ಪಂಪಿನ ಬಿಡಿಭಾಗಗಳಿಗೆ ಈ ಜಾಣತನ ಸಾಕಾಗಿತ್ತು. ಇಲ್ಲಿ ಉಳಿಸಿದ್ದೆಲ್ಲ ಒಟ್ಟು ಸೇರಿ ಕುತ್ತಿಗೆಗೆ ಬಂದಿತ್ತು.

ಉಪಗ್ರಹದವರು ಕೊಟ್ಟಿದ್ದು ಎರಡೇ ಅಲ್ಯೂಮಿನಿಯಂ ಗಟ್ಟಿ. ಮೊದಲನೆಯದರೊಳಗೆ ಬಿರುಕು ಸಿಕ್ಕಿತ್ತು. ಮೂರನೆಯದಕ್ಕೆ ಬಜೆಟ್ಟಿನಲ್ಲಿ ಜಾಗವಿಲ್ಲವೆಂದು ಕಾಗದವೇ ಬಂದಿತ್ತು. ಇದೂ ಕೆಟ್ಟರೆ ಕೆಲಸ ಬೇರೆಯವರ ಪಾಲು, ಕೆಡಿಸಿದವನೆಂಬ ಹೆಸರು ಪರಮಾನಂದನ ಪಾಲು. ನಾಲ್ಕು ಗಂಟೆಗೆ ಚೌಕಟ್ಟು ಒಯ್ಯಲು ಅವರ ಜೀಪು ಬರುವುದಿತ್ತು.

"ನಾಲ್ಕು ಗೋಡೆಯಿಂದ ಒಂದೊಂದು ಕಾಗದದಷ್ಟು ತೆಗೀಬೇಕು. ಆಗತ್ತಾ?"

"ಗೋಡಿ ನಡುಗಿತಂದ್ರ ಮುಗೀತ್ರಿ ಸರ್."

ಆದರೂ ಚೌಕಟ್ಟನ್ನು ಬಿಗಿದು ಮಷೀನು ಹಾಕಿದ. ಮೂರು ಗೋಡೆ ಸುಸೂತ್ರವಾಗಿ ಮುಗಿದವು. ನಾಲ್ಕನೆಯದಕ್ಕೆ ಕಟರ್ ಕಿರ್ರೆಂದಿತು. ಅಯ್ಯೋ ಶಿವನೇ! ತಟ್ಟನೆ ನಿಲ್ಲಿಸಿ, ಗೋಡೆ ನಡುಗದಂತೆ ಅದರ ಹಿಂದೆ ಕಾದ ಮೇಣ ಸುರಿದು, ಅದು ಗಟ್ಟಿಯಾಗುವವರೆಗೆ ಕಾಲು ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ಓಡಾಡಿದ. ಆಮೇಲೆ ಉಸಿರು ಬಿಗಿಹಿಡಿದು, ಕೈಯಿಂದಲೇ ಚಕ್ರ ತಿರುಗಿಸುತ್ತ ಕಟರನ್ನು ಆ ತುದಿ ಮುಟ್ಟಿಸಿದ.

ಮೇಣ ತೊಳೆದು ತೂಗಿದಾಗ ನಾನೂರ ಹನ್ನೊಂದೂವರೆ.

"ಗೆದ್ಬಿಟ್ರಿ ಕಣ್ರೀ!" ದ್ವಾರಕಾನಾಥರು ಬೆನ್ನು ತಟ್ಟಿದರು.

ಪರಮಾನಂದ ಗೋಡೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಒಂದಿಷ್ಟು ಬಾಗಿತು. "ಇದು ತಡೀತದೇನ್ರಿ ಸರ್?"

"ಲೆಕ್ಕದ ಪ್ರಕಾರ ತಡೆಯತ್ತೆ."

ಸ್ಪಂಜಿನ ಪೆಟ್ಟಿಗೆಯಲ್ಲಿಟ್ಟು, ತಾನೇ ಒಯ್ದು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದ. ಜೀಪು ಗೇಟು ದಾಟಿದ್ದೇ ತಡ, ಮೊದಲ ಗುಂಡಿಗೆ ದಡಕ್ಕನೆ ಬಿದ್ದು ಎದ್ದಿತು.

"ಡ್ರೈವರಣ್ಣಾ, ಸಾವಕಾಶ ಹೋಗ್ರೀ! ಸಾವಕಾಶ!" ಪರಮಾನಂದ ಲಾರಿಗಳ ನಡುವೆ ಓಡತೊಡಗಿದ.

"ಅದು ರಾಕೆಟ್ ಮೇಲೆ ಹೋಗೋದು ಕಣ್ರೀ!" ಗೇಟಿನಿಂದ ದ್ವಾರಕಾನಾಥರು ನಗುತ್ತ ಕೂಗಿದರು.

ಅವನು ತಿರುಗಿ ನೋಡಲಿಲ್ಲ. ಮುಂದೆ ಇನ್ನೊಂದು ಗುಂಡಿ ಕಾಣುತ್ತಿತ್ತು.