ಎರಡೂ ಬಲತೋಳು

ಮಖಮಲ್ಲಿನ ಹಿಂಬದಿಯಲ್ಲಿ ಸೀಮೆಸುಣ್ಣದ ಗೆರೆ ಭುಜದ ತಿರುವಿಗೆ ಬಂದಿತ್ತು, ಅಷ್ಟರಲ್ಲಿ ಅದು ಬಂತು. ಎದೆಯ ನಡುವೆ ಯಾರೋ ಒಲೆ ಹೊತ್ತಿಸಿದಂತೆ ಶುರುವಾಗಿ, ಕತ್ತಿಗೆ ಏರಿ, ಕಿವಿಯ ಹಿಂದೆ ಹಬ್ಬಿ, ನೆತ್ತಿಯವರೆಗೂ ಹೋಯಿತು. ಕತ್ತರಿ ಅಕ್ಕ ಸುಣ್ಣ ಕೆಳಗಿಟ್ಟು ಮೇಜಿನಿಂದ ಹಿಂದೆ ಸರಿದಳು. ಮಖಮಲ್ಲಿನ ಮೇಲೆ ಬೆವರಿನ ಒಂದು ಹನಿ ಬಿದ್ದರೂ ಕಲೆ ಉಳಿಯುತ್ತದೆ. ಫ್ಯಾನ್ ಹಾಕುವಂತಿರಲಿಲ್ಲ. ಬಟ್ಟೆ ಕತ್ತರಿಸುವಾಗ ಫ್ಯಾನ್ ತಿರುಗಿದರೆ ಅಳತೆಗೆಂದು ಮೇಲಿಟ್ಟ ಕಾಗದದ ಮಾದರಿ, ಪೇಪರ್ ಕಟಿಂಗು, ಹಾರುತ್ತದೆಂದು ಆ ಕಾನೂನು ಮಾಡಿದವಳು ಅವಳೇ, ಈಗ ಅದನ್ನು ಮುರಿಯಲು ಯಾವ ಕಾರಣ ಹೇಳುವುದು? ಹಿಂದಿನ ಬಾಗಿಲಿನ ನಲ್ಲಿಗೆ ಹೋಗಿ ಕರವಸ್ತ್ರ ನೆನೆಸಿ ಕತ್ತಿನ ಮೇಲಿಟ್ಟುಕೊಂಡು, ಗೋಡೆಗೆ ಹಣೆ ಒತ್ತಿ ನಿಂತಳು.

ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಅವಳೊಬ್ಬಳೇ. ಹೊಲಿಯುವವರು ಬಂದರು, ಹೋದರು. ಕತ್ತರಿ ಮಾತ್ರ ಇಪ್ಪತ್ತು ವರ್ಷದಿಂದ ಕೈ ಬದಲಿಸಿರಲಿಲ್ಲ. ದಾರ ತುಂಡರಿಸಲೆಂದು ಯಾರಾದರೂ ಅದನ್ನು ಮುಟ್ಟಿದರೆ ಅವಳು ಸಂಜೆಯವರೆಗೆ ಅವರೊಡನೆ ಮಾತು ಬಿಡುತ್ತಿದ್ದಳು. ಇಸ್ತ್ರಿ ಮಾಡುವವನು, ಗಂಡನನ್ನಾದರೂ ಎರವಲು ಕೊಟ್ಟಾಳು, ಕತ್ತರಿ ಕೊಡಳು ಎಂದು ಚೇಷ್ಟೆ ಮಾಡುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ, ಗಂಡನಿಗೆ ಸಾಣೆ ಹಿಡಿಸೋಕಾಗಲ್ಲವಲ್ಲ ಎನ್ನುತ್ತಿದ್ದಳು. ಅಳತೆಯ ವಿಷಯದಲ್ಲಿ ಅವಳದು ಆನೆ ನಡೆದದ್ದೇ ದಾರಿ. ಕೆಲಸ ಕಲಿಸಿದ ಯಜಮಾನರೂ ಈಗ ಅವಳು ಕತ್ತರಿಸಿದ್ದನ್ನು ಮತ್ತೆ ಅಳೆದು ನೋಡುತ್ತಿರಲಿಲ್ಲ.

ಮುಖ ಒರೆಸಿಕೊಂಡು ಬಂದು ಮೊದಲ ತೋಳು ಕತ್ತರಿಸಿದಳು. ಮಖಮಲ್ಲನ್ನು ಬೇರೆ ಬಟ್ಟೆಯ ಹಾಗೆ ಮಡಚಿ ಎರಡೂ ತೋಳನ್ನು ಒಟ್ಟಿಗೆ ಕತ್ತರಿಸಲಾಗುವುದಿಲ್ಲ. ರೋಮಕ್ಕೆ ರೋಮ ತಾಗಿ ಜಾರುತ್ತದೆ. ಒಂದೊಂದೇ ಕತ್ತರಿಸಬೇಕು, ಒಂದಾದ ಮೇಲೆ ಪೇಪರ್ ಕಟಿಂಗನ್ನು ಮಗುಚಿ ಹಾಕಬೇಕು. ಮಗುಚದಿದ್ದರೆ ಎರಡೂ ಒಂದೇ ಕೈಯ ತೋಳಾಗುತ್ತವೆ. ಕತ್ತರಿ ಹಿಡಿದವರು ಕಲಿಯುವ ಮೊದಲ ಪಾಠ ಅದು. ಕಾಗದವನ್ನು ಎತ್ತಿ ಪಕ್ಕಕ್ಕೆ ಸರಿಸಿದ್ದು ಅವಳಿಗೆ ನೆನಪಿದೆ. ಮಗುಚಿದ್ದು ಮಾತ್ರ ಆಮೇಲೆ ಎಷ್ಟು ತಡಕಿದರೂ ನೆನಪಿಗೆ ಸಿಗಲಿಲ್ಲ.

ಒಂದು ವರ್ಷದಿಂದ ಹೀಗೇ ನಡೆದಿತ್ತು. ಮುಟ್ಟು ಎರಡು ತಿಂಗಳು ಬಾರದೆ, ಮೂರನೆಯದಕ್ಕೆ ಸಾಲ ವಸೂಲಿಗೆ ಬಂದವರಂತೆ ಬಂದು, ಮತ್ತೆ ನಾಪತ್ತೆಯಾಗುತ್ತಿತ್ತು. ಡಾಕ್ಟರಮ್ಮ ಒಳ್ಳೆಯವರೇ, ವಯಸ್ಸಿಗೆ ಸಹಜ, ಹತ್ತಿಬಟ್ಟೆ ಹಾಕಿಕೊಳ್ಳಿ, ಕಾಫಿ ಕಡಿಮೆ ಮಾಡಿ, ದಿನಾ ನಡೆಯಿರಿ, ತಡೆಯಲಾಗದಿದ್ದರೆ ಬನ್ನಿ, ಮಾತ್ರೆಯ ಬಗ್ಗೆ ಯೋಚಿಸೋಣ ಎಂದಿದ್ದರು. ಅವಳು ಕಾಫಿ ಬಿಟ್ಟಳು. ಚೀಲದಲ್ಲಿ ಇನ್ನೊಂದು ಅಂಗಿ ಇಟ್ಟುಕೊಂಡಳು. ತಣ್ಣೀರಿನ ಬಾಟಲಿಯನ್ನು ಮೊಣಕೈಯ ಒಳಬದಿಗೆ ಒತ್ತಿಕೊಂಡರೆ ಬಿಸಿ ಬೇಗ ಇಳಿಯುತ್ತದೆಂದು ತಾನೇ ಕಂಡುಕೊಂಡಳು. ತಡೆಯಲಾಗದ್ದು ಎಂದರೆ ಎಷ್ಟು ಎಂಬುದು ತಿಳಿಯದ್ದರಿಂದ ಮತ್ತೆ ಡಾಕ್ಟರಮ್ಮನ ಹತ್ತಿರ ಹೋಗಲಿಲ್ಲ.

ಬಿಸಿಯಾದರೂ ಬಂದು ಹೋಗುತ್ತಿತ್ತು. ಮರೆವು ಹಾಗಲ್ಲ. ಒಮ್ಮೆ ಕುತ್ತಿಗೆಗೆ ನೇತುಹಾಕಿಕೊಂಡ ಟೇಪನ್ನು ಹಿಡಿದುಕೊಂಡೇ ಅದರ ಹೆಸರು ಬಾಯಿಗೆ ಬಾರದೆ ನಿಂತಿದ್ದಳು. ಆ ದಿನ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಫೋನಿನಲ್ಲಿ ತನ್ನ ಅಕ್ಕನನ್ನು ಕೇಳಿದಳು.

"ಅಯ್ಯೋ, ನಂಗೇನೂ ಆಗ್ಲಿಲ್ಲಪ್ಪ," ಎಂದಳು ಅಕ್ಕ. "ಒಂದಿನ ನಿಂತೋಯ್ತು, ಪೀಡೆ ತೊಲಗ್ತು ಅಂದ್ಕೊಂಡೆ. ನೀನು ಮೊದ್ಲಿಂದ್ಲೂ ಎಲ್ಲದನ್ನೂ ದೊಡ್ಡದು ಮಾಡ್ತೀಯ."

ಗಂಡ ನೀರು ಸರಬರಾಜು ಕಚೇರಿಯಲ್ಲಿದ್ದ, ಜಗಳಗಂಟನಲ್ಲ. ಅವಳು ನಿದ್ದೆಯಲ್ಲಿ ಹೊದಿಕೆ ಒದೆಯುವುದು, ಎದ್ದು ಕಿಟಕಿ ತೆರೆಯುವುದು, ಒದ್ದೆಯಾದ ಅಂಗಿ ಬದಲಿಸುವುದು ನೋಡಿ, ನೀನು ಆರಾಮಾಗಿ ಮಲಗು ಎಂದು ಹೇಳಿ ತನ್ನ ದಿಂಬು ತೆಗೆದುಕೊಂಡು ಹಜಾರಕ್ಕೆ ಹೋದವನು ಅಲ್ಲೇ ಉಳಿದುಬಿಟ್ಟ. ಅವಳಿಗೆ ಬೇಕಾಗಿದ್ದದ್ದು ಆರಾಮವಲ್ಲ, ಏನಾಗ್ತಿದೆ ಎಂದು ಯಾರಾದರೂ ಕೇಳುವುದು. ಅದನ್ನು ಕೇಳಿ ಎಂದು ಹೇಳುವುದು ಹೇಗೆ?

ಮಖಮಲ್ಲಿನ ಕೋಟು ಒಬ್ಬ ಮುಖ್ಯೋಪಾಧ್ಯಾಯಿನಿಯದು. ನಿವೃತ್ತಿಯ ಸಮಾರಂಭಕ್ಕೆಂದು ಕಡುಹಸಿರು ಬಟ್ಟೆಯನ್ನು ತಾವೇ ಆರಿಸಿ ತಂದಿದ್ದರು, ಅಂಗಡಿಯ ಥಾನಿನಲ್ಲಿ ಉಳಿದಿದ್ದ ಕೊನೆಯ ತುಂಡು ಅದಂತೆ, ಮತ್ತೆ ಸಿಗುವಂತಿರಲಿಲ್ಲ. ಹಾಕಿ ನೋಡಲು ಬಂದ ದಿನ ಬಲಗೈ ಸರಿಯಾಗಿ ಹೋಯಿತು. ಎಡಗೈ ಹೋಗುವುದೇನೋ ಹೋಯಿತು, ಆದರೆ ಕೈ ಮುಂದೆ ಚಾಚಿದರೆ ಭುಜದಲ್ಲಿ ಸುಕ್ಕು ಬಿದ್ದು ತೋಳು ಹಿಂದಕ್ಕೆ ತಿರುಚಿಕೊಂಡಿತು. ಇದನ್ನ ಹಾಕ್ಕೊಂಡು ಹಾರ ಹಾಕಿಸ್ಕೊಳ್ಳೋದು ಹೇಗೆ ಎಂದು ಅವರು ನಗುತ್ತಲೇ ಕೇಳಿದರು. ಯಜಮಾನರು ನಗಲಿಲ್ಲ. ಮುಖ್ಯೋಪಾಧ್ಯಾಯಿನಿ ಹೋದ ಮೇಲೆ, ತೋಳು ಜೋಡಿಸುವ ಕೆಲಸದವಳನ್ನು ಕರೆದು ಎಲ್ಲರ ಎದುರಿಗೆ ಬೈದರು. ಅವಳು ಎರಡು ಮಕ್ಕಳ ತಾಯಿ, ಬಾಯಿಸತ್ತವಳು. ಬಿಚ್ಚಿ ಮತ್ತೆ ಹೊಲಿದಳು. ಮಖಮಲ್ಲು ಚುಚ್ಚಿದ ಸೂಜಿಯನ್ನು ಮರೆಯುವುದಿಲ್ಲ. ಹಳೆಯ ತೂತುಗಳೆಲ್ಲ ಹಾಗೇ ಕಂಡವು, ತೋಳು ಮಾತ್ರ ಮತ್ತೆ ತಿರುಚಿಕೊಂಡೇ ನಿಂತಿತು. ನಾಳೆಯಿಂದ ಕೋಟು ಮುಟ್ಟಬೇಡ, ದಿಂಬಿನ ಚೀಲ ಹೊಲಿ ಎಂದರು ಯಜಮಾನರು.

ಕತ್ತರಿಸಿದ್ದರಲ್ಲಿ ತಪ್ಪಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ತೋಳಿನವಳಿಗೂ ಹೊಳೆಯಲಿಲ್ಲ. ಅವಳು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಮತ್ತೆ ಬಿಚ್ಚಿ ಮೇಜಿನ ಮೇಲಿಟ್ಟ ಆ ತೋಳನ್ನು ಕತ್ತರಿ ಅಕ್ಕ ಹಾದುಹೋಗುವಾಗ ನೋಡಿದಳು, ಅಷ್ಟೇ. ಅಳೆಯುವುದು ಬೇಕಾಗಲಿಲ್ಲ. ಮುಂಭಾಗದ ಆಳವಾದ ತಿರುವು ಇರಬಾರದ ಕಡೆ ಇತ್ತು. ಎರಡೂ ಬಲತೋಳು. ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ಏಕೆಂದು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದ ಮೇಲೆ ಆ ಕತ್ತರಿ ತನ್ನ ಕೈಯಲ್ಲಿ ಉಳಿಯುತ್ತದೆಯೇ? ತೆರೆದ ಬಾಯಿಯಿಂದ ಇಸ್ತ್ರಿಯವನನ್ನು ಲೈನಿಂಗ್ ಬಟ್ಟೆಯ ತುಂಡು ಎಲ್ಲಿ ಎಂದು ಕೇಳಿ ಮುಂದೆ ಹೋದಳು.

ಸಂಜೆ ಗಂಡನ ತಟ್ಟೆಗೆ ಬಡಿಸುತ್ತ, ಕೆಲಸದಲ್ಲಿ ಒಂದು ತಪ್ಪಾಗಿದೆ ಎಂದಳು. ಯಾರದು ಎಂದ ಅವನು. ತೋಳು ಹಾಕುವವಳದು ಎಂದಳು ಅವಳು. ಈಗಿನವರಿಗೆ ಕೆಲಸದ ಮೇಲೆ ಗಮನವೇ ಇರಲ್ಲ ಎಂದು ಅವನು ಊಟ ಮುಂದುವರಿಸಿದ. ತನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಕದ್ದವಳಿಗಾಗುವಂಥ ನಾಚಿಕೆ.

ಬೆಳಿಗ್ಗೆ ಅಂಗಡಿಗೆ ಹೋದಾಗ ತೋಳಿನವಳು ಆಗಲೇ ಮೂಲೆಯಲ್ಲಿ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಳು. ಇಸ್ತ್ರಿಯವನು ಏನೋ ತಮಾಷೆ ಮಾಡಿದ, ಅವಳು ತಲೆ ಎತ್ತಲಿಲ್ಲ. ಕತ್ತರಿ ಅಕ್ಕ ಚೀಲ ಕೆಳಗಿಡದೆ ನೇರ ಯಜಮಾನರ ಎದುರಿಗೆ ಹೋಗಿ ನಿಂತಳು.

"ಮಾಸ್ಟ್ರೇ, ತೋಳು ನಾನೇ ತಪ್ಪು ಕತ್ತರಿಸಿದ್ದು."

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ಅವಳನ್ನ ಕಾಪಾಡೋಕೆ ಸುಳ್ಳು ಹೇಳಬೇಡ, ನಿನ್ನ ಕೈ ನಂಗೊತ್ತಿಲ್ವಾ ಎಂದರು. ಇಪ್ಪತ್ತು ವರ್ಷದಲ್ಲಿ ಅವರು ಅವಳನ್ನು ಹೊಗಳಿದ್ದು ಅದೇ ಮೊದಲು, ಬಂದದ್ದು ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ. ಅವಳು ಕೋಟಿನಲ್ಲಿದ್ದ ಬಲತೋಳನ್ನೂ ಬಿಚ್ಚಿ, ಎರಡನ್ನೂ ತಂದು ಮೇಜಿನ ಮೇಲೆ ಅಕ್ಕಪಕ್ಕ ಹಾಸಿ, ಒಂದರ ಮೇಲೊಂದು ಇಟ್ಟು ತೋರಿಸಿದಳು. ಅಂಚಿಗೆ ಅಂಚು ಕೂಡಿತು. ಎರಡರದೂ ರೋಮದ ಬದಿ ಮೇಲಕ್ಕೇ ಇತ್ತು; ಒಂದು ಎಡ ಒಂದು ಬಲ ಆಗಿದ್ದರೆ ಹಾಗೆ ಕೂಡುತ್ತಿರಲಿಲ್ಲ. ಇಷ್ಟು ನಿಖರವಾಗಿ ತಪ್ಪು ಮಾಡಲು ಅವಳಿಂದ ಮಾತ್ರ ಸಾಧ್ಯವಿತ್ತು.

"ತಲೆ ಎಲ್ಲಿತ್ತು?" ಎಂದರು ಯಜಮಾನರು, ಮೆಲ್ಲಗೆ.

"ನಂಗೆ ಮುಟ್ಟು ನಿಲ್ತಾ ಇದೆ, ಮಾಸ್ಟ್ರೇ. ಮೈಯೆಲ್ಲ ಬೆಂಕಿ ಬಿದ್ದ ಹಾಗಾಗತ್ತೆ. ನಿದ್ದೆ ಬರಲ್ಲ. ಈಗ ಮಾಡಿದ್ದು ಈಗ ಮರೆತ್ಹೋಗತ್ತೆ. ಆವತ್ತು ಈ ಬಟ್ಟೆ ಮುಂದೆ ನಿಂತಾಗ್ಲೂ ಹಾಗೇ ಆಯ್ತು."

ಮಷಿನ್ನುಗಳು ಒಂದೊಂದಾಗಿ ನಿಂತವು. ಇಸ್ತ್ರಿಯವನು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅದರ ವೈರನ್ನೇ ನೋಡತೊಡಗಿದ. ಯಜಮಾನರ ಕಿವಿ ಕೆಂಪಾದವು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ಈ ಮಾತನ್ನ ಎಲ್ಲರೆದುರಿಗೆ ಹೇಳ್ಬೇಕಿತ್ತಾ, ತಂಗಿ?"

"ಅವಳನ್ನ ಎಲ್ಲರೆದುರಿಗೇ ಬೈದ್ರಲ್ಲ."

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದರು ಯಜಮಾನರು, ಯಾರಿಗೆ ಹೇಳಿದರೋ. ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ, ಎರಡೂ ತೋಳಿಗೆ ಕಪ್ಪು ಬಟ್ಟೆ ಹಾಕಿ ಹೊಲಿದುಕೊಡುವುದಾಗಿ ಹೇಳಿದರು. ಅವರು ಒಪ್ಪಿದರು, ಖುಷಿಯಿಂದಲ್ಲ. ತೋಳಿನವಳು ಮೂಲೆಯಿಂದೆದ್ದು ತನ್ನ ಜಾಗಕ್ಕೆ ಬಂದಳು. ಬರುವಾಗ ಕತ್ತರಿ ಅಕ್ಕನ ಕಡೆ ನೋಡಿದಳು; ಹತ್ತಿರ ಬರಲಿಲ್ಲ. ಇನ್ನೊಬ್ಬ ಹೊಲಿಯುವವಳಿಗೂ ನಲವತ್ತೇಳೋ ನಲವತ್ತೆಂಟೋ. ಅವಳಾದರೂ ಏನಾದರೂ ಹೇಳಿಯಾಳೆಂದು ಕತ್ತರಿ ಅಕ್ಕ ಮಧ್ಯಾಹ್ನದ ಊಟಕ್ಕೆ ಅವಳ ಪಕ್ಕದಲ್ಲೇ ಕೂತಳು. ಅವಳು ಬೇಗ ಬೇಗ ಉಂಡು ಡಬ್ಬಿ ತೊಳೆಯಲು ಎದ್ದುಹೋದಳು. ಹೇಳಿಬಿಟ್ಟರೆ ಹಗುರಾಗುತ್ತದೆ ಎನ್ನುತ್ತಾರೆ. ಅವಳಿಗೆ ಹಗುರಾಗಲಿಲ್ಲ. ಮುಚ್ಚಿಟ್ಟುಕೊಂಡದ್ದು ಮೊದಲು ಅವಳೊಬ್ಬಳದಾಗಿತ್ತು, ಈಗ ಎಲ್ಲರಿಗೂ ಗೊತ್ತಾಗಿ ಮತ್ತೂ ಅವಳೊಬ್ಬಳದೇ ಆಗಿತ್ತು.

ಅಂಗಡಿ ಮುಚ್ಚುವ ಹೊತ್ತಿಗೆ ಯಜಮಾನರು ಕರೆದರು. ಕುರ್ಚಿ ಎಳೆದು ಕೂರಿಸಿದರು. ಅವರು ಕುರ್ಚಿ ಎಳೆದಾಗಲೇ ಅವಳಿಗೆ ಅರ್ಥವಾಯಿತು.

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಸ್ವಲ್ಪ ದಿನ ಗುಂಡಿ, ಕಾಜಾ ನೋಡ್ಕೋ. ಕೂತ್ಕೊಂಡು ಮಾಡೋ ಕೆಲ್ಸ, ಕಿಟಕಿ ಪಕ್ಕ ಗಾಳೀನೂ ಬರತ್ತೆ. ಕತ್ತರಿಸೋದನ್ನ ಅವಳು ನೋಡ್ಕೊಳ್ಲಿ, ತೋಳು ಹಾಕಿ ಹಾಕಿ ಅಳತೆ ಅವಳಿಗೆ ಬಂದಿದೆ."

"ಎಷ್ಟು ದಿನ?"

"ನೀನು ಸರಿಹೋಗೋವರ್ಗೂ."

ಸರಿಹೋಗಲು ತನಗೆ ಜ್ವರ ಬಂದಿಲ್ಲ, ಇದು ಎರಡು ವರ್ಷವೂ ಇರಬಹುದು ಐದು ವರ್ಷವೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ, ಮಾತ್ರೆ ತೆಗೆದುಕೊಳ್ಳುತ್ತೇನೆ, ಪ್ರತಿ ತೋಳನ್ನೂ ನಿಮಗೆ ತೋರಿಸಿಯೇ ಕತ್ತರಿಸುತ್ತೇನೆ, ಒಂದೇ ಒಂದು ತಪ್ಪಲ್ಲವೇ ಎಂದು ಅವಳು ಹೇಳಬಹುದಿತ್ತು. ಯಜಮಾನರ ಮುಖದಲ್ಲಿ ಕೋಪವಿದ್ದಿದ್ದರೆ ಹೇಳುತ್ತಿದ್ದಳು. ಇದ್ದದ್ದು ಕರುಣೆ. ಅದರ ಜೊತೆ ಜಗಳವಾಡಲು ಅವಳಿಗೆ ಬರುತ್ತಿರಲಿಲ್ಲ. ಆಗಲಿ ಎಂದಳು.

ಮನೆಯಲ್ಲಿ, ಇನ್ನು ಮೇಲೆ ಗುಂಡಿ ಹೊಲಿಯುವ ಕೆಲಸ ಎಂದು ಗಂಡನಿಗೆ ತಿಳಿಸಿದಳು.

"ಒಳ್ಳೇದೇ ಆಯ್ತಲ್ಲ," ಎಂದ ಅವನು, ನಿಜವಾಗಿಯೂ ಸಂತೋಷಪಟ್ಟು. "ದಿನಾ ನಿಂತು ನಿಂತು ಕಾಲು ನೋವು ಅಂತಿದ್ದೆ."

ಮರುದಿನ ಅವಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ತೊಡೆಯ ಮೇಲೆ ಯಾರದೋ ಅಂಗಿ, ಪಕ್ಕದಲ್ಲಿ ಗುಂಡಿಗಳ ಡಬ್ಬಿ. ಇಸ್ತ್ರಿಯವನು ಇಷ್ಟು ದಿನದ ಚೇಷ್ಟೆಯನ್ನೆಲ್ಲ ನುಂಗಿಕೊಂಡು, ಮೊದಲ ಬಾರಿಗೆ ಅವಳನ್ನು ಬಹುವಚನದಲ್ಲಿ ಮಾತನಾಡಿಸಿ, ನಿಮ್ಗೆ ನೀರು ಬೇಕಾ ಎಂದು ಕೇಳಿದ. ಬೇಡ ಎಂದಳು. ಆ ಬಹುವಚನ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು.

ಮೇಜಿನ ಹತ್ತಿರ ತೋಳಿನವಳು ಬೂದು ಬಣ್ಣದ ಬಟ್ಟೆ ಹಾಸಿ, ಗೆರೆ ಎಳೆದು, ಎಳೆದ ಗೆರೆಯನ್ನು ಮತ್ತೆ ಅಳೆದಳು. ಕತ್ತರಿಯನ್ನು ಎತ್ತಿಕೊಳ್ಳದೆ ಅದರ ಪಕ್ಕದಲ್ಲಿ ಕೈಯಿಟ್ಟು ನಿಂತಳು.

"ಅಕ್ಕಾ," ಎಂದಳು, ತಿರುಗಿ ನೋಡದೆ. "ಹಿಡೀಲಾ?"

"ಹಿಡಿ."

ಕತ್ತರಿ ಬಟ್ಟೆಯೊಳಗೆ ಹೊಕ್ಕಿತು. ಮೊದಲು ಅಳುಕುತ್ತ ಸಣ್ಣ ಸಣ್ಣ ಕಚ್ಚು, ಆಮೇಲೆ ಧೈರ್ಯ ಬಂದು ಉದ್ದಕ್ಕೆ ಒಂದೇ ಸಮನೆ. ಇಷ್ಟು ವರ್ಷ ಆ ಸದ್ದು ಅವಳಿಗೆ ಅಂಗೈಯಿಂದ, ಮೇಜಿಗೆ ಒರಗಿದ ಸೊಂಟದಿಂದ ತಿಳಿಯುತ್ತಿತ್ತು. ಕೋಣೆಯ ಈ ಬದಿಗೆ ಅದು ಹೇಗೆ ಕೇಳಿಸುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ದಾರ ಪೋಣಿಸದ ಸೂಜಿಯನ್ನು ಬೆರಳಲ್ಲಿ ಹಿಡಿದುಕೊಂಡು, ಬಟ್ಟೆ ಮುಗಿಯುವವರೆಗೂ ಕೂತು ಕೇಳಿದಳು.