ಹನ್ನೊಂದನೆಯ ಕಲಮು

"ನಿನ್ನ ಅಂಗಿ ಬೆಳ್ಳಗಾಯ್ತು ಆನರಬಲ್, ನಮ್ಮ ಹೊಳೆ ಕರ್ರಗೇ ಇದೆ. ಇವೆರಡರಲ್ಲಿ ಯಾವುದನ್ನ ತೊಳೀಲಿ ಅಂತ ನಿನ್ನ ಆರಿಸಿ ಕಳಿಸಿದ್ವು?"

ಎಣ್ಣೆ ಪೈಪು ಹಾದುಹೋದ ಟೊರುಬಿರಿ ಊರಿನ ಸಭಾಮಂಟಪ ಹೋ ಎಂದು ನಕ್ಕಿತು. ಕೇಳಿದವಳು, ಮೀನು ಹೊಗೆಗಿಟ್ಟು ಮಾರುವ ತಮರಾವ್, ಸೊಂಟದ ಮೇಲಿನ ಕೈ ತೆಗೆಯದೆ ನಿಂತೇ ಇದ್ದಳು. ಎರಡು ಸಲ ಗೆದ್ದು, ರಾಜ್ಯ ಶಾಸನಸಭೆಯ ಪರಿಸರ ಸಮಿತಿಗೆ ಅಧ್ಯಕ್ಷನೂ ಆಗಿದ್ದ ಕುರೋಕೆಯಿ ತಾನೂ ನಗಲು ನೋಡಿದ, ಆಗಲಿಲ್ಲ. ಅವನು ತಂದ ಜಿನ್ ಬಾಟಲಿ ಹಿರಿಯರೆದುರು ಮೇಜಿನ ಮೇಲೆ ಹಾಗೇ ಕೂತಿತ್ತು. ಊರ ಹಿರಿಯ ಪಾ ಒಕೋಸಿ ಅದರ ಮುಚ್ಚಳ ತೆಗೆದು, ನೆಲಕ್ಕೆರಡು ಹನಿ ಚೆಲ್ಲಿ, ಅತಿಥಿಯ ಹೆಸರು ಹಿಡಿದು ಕರೆಯುವ ತನಕ, ಊರ ಪದ್ಧತಿಯಂತೆ, ಬಂದವನು ಬಂದ ಹಾಗಲ್ಲ.

"ನಾಳೆ ಮಸೂದೆ ಸದನದಲ್ಲಿ ಕೊನೇ ಓದಿಗೆ ಬರ್ತಿದೆ ತಾಯಿ," ಎಂದ ಕುರೋಕೆಯಿ. "ಎಂಟು ವರ್ಷ ಇದರ ಹಿಂದೆ ಬಿದ್ದಿದ್ದೀನಿ. ಇನ್ಮೇಲೆ ಎಣ್ಣೆ ಸೋರಿದ್ರೆ ಕಂಪನಿಯೋರು ಅವರಷ್ಟಕ್ಕೆ ಬಂದು ನೋಡ್ಕೊಂಡು ಹೋಗೋ ಹಾಗಿಲ್ಲ."

"ಅದಿರ್ಲಿ. ಯಾಕೆ ಸೋರ್ತು ಅಂತ ಬರೆಯೋನು ಯಾರು?"

ಕುರೋಕೆಯಿ ಗಡಿಯಾರ ನೋಡಿಕೊಂಡ. ಕೇಳಬಾರದ್ದನ್ನೇ ಕೇಳಿದ್ದಳು. ತನಿಖೆಯ ಕಾಗದದಲ್ಲಿ ಪೈಪು ತುಕ್ಕು ಹಿಡಿದು ಒಡೆಯಿತು ಎಂದು ಬರೆದರೆ ಕಂಪನಿ ಪರಿಹಾರ ಕೊಡಬೇಕು, ಹೊಳೆ ತೊಳೆಯಬೇಕು. ಕಳ್ಳರು ಕೊರೆದರು ಎಂದು ಬರೆದರೆ ಊರು ತನ್ನ ಪಾಡಿಗೆ ತಾನು ಸಾಯಬೇಕು. ಅದನ್ನು ಬರೆಯುವಾಗ ಊರವರು ಆರಿಸಿದ ಇಬ್ಬರು ಇರಲೇಬೇಕು ಎಂದು ಮಸೂದೆಯ ಹನ್ನೊಂದನೆಯ ಕಲಮಿನಲ್ಲಿ ಹಾಕಿದವನು ಅವನೇ. ಹೋದ ವಾರ ಸ್ಪೀಕರ್ ಆ ಸಾಲು ಹೊಡೆದುಹಾಕಿ, "ಸರ್ಕಾರ ಮುಂದೆ ಸೂಚಿಸುವವರು" ಎಂದು ಬರೆಸಿದ್ದರು. ಒಪ್ಪಿದರೆ ಮಸೂದೆ ಪಾಸು, ಮೂರನೇ ಸಲಕ್ಕೆ ಪಕ್ಷದ ಟಿಕೆಟ್ಟೂ ಗಟ್ಟಿ. ಒಪ್ಪದಿದ್ದರೆ ಎರಡೂ ಹೊಳೆಪಾಲು. ಇವತ್ತು ಸಂಜೆಯೊಳಗೆ ಹೇಳು ಎಂದಿದ್ದರು.

"ಮೊದ್ಲು ಕಾನೂನು ಆಗ್ಲಿ," ಎಂದ. "ಯಾರು ಅನ್ನೋದನ್ನ ಆಮೇಲೆ ತುಂಬಿಸ್ತೀನಿ."

"ಆಮೇಲೆ ತುಂಬೋದಾ?" ಎಂದಳು ತಮರಾವ್.

ಈ ಸಲ ಯಾರೂ ನಗಲಿಲ್ಲ.

"ಹದಿನಾಲ್ಕು ವರ್ಷದ ಹಿಂದೆ, ಓದು ಬಲ್ಲವನು ಅಂತ ನಿನ್ನನ್ನೇ ಪೈಪಿನ ಹತ್ರ ಕಳಿಸಿದ್ವು. ಮಣ್ಣು ಅಗೆದಿರ್ಲಿಲ್ಲ, ತೂತು ಯಾರೂ ಕಂಡಿರ್ಲಿಲ್ಲ. ನೀರು ಇಳೀತಿದೆ, ದೋಣಿ ಕೆಸರಲ್ಲಿ ಸಿಕ್ಕೊಳ್ಳತ್ತೆ, ಬೇಗ ಸಹಿ ಹಾಕು, ಕಾರಣ ಆಮೇಲೆ ತುಂಬ್ತೀವಿ ಅಂದ್ರು ಕಂಪನಿಯೋರು. ನೀನು ಹಾಕ್ಬಂದೆ. ಏನು ತುಂಬಿದ್ರಪ್ಪಾ? ಕಳ್ಳರು ಅಂತ! ನನ್ನ ಗಂಡ ಕಳ್ಳ, ಈ ಮುದುಕ ಕಳ್ಳ, ತೊಟ್ಟಿಲಲ್ಲಿರೋ ಕೂಸೂ ಕಳ್ಳ!"

ಕುರೋಕೆಯಿಯ ಕಿವಿ ಸುಟ್ಟಿತು. ಎರಡು ಚುನಾವಣೆಯಲ್ಲೂ ಅವನು ಗಂಟಲು ಹರಿಯುವಂತೆ ಕೂಗಿದ್ದು ಅದನ್ನೇ: ಕಂಪನಿ ನಮಗೆ ಮೋಸ ಮಾಡಿತು. ಕಾಗದದಡಿಯ ಸಹಿ ಯಾರದೆಂದು ಒಮ್ಮೆಯೂ ಹೇಳಿರಲಿಲ್ಲ. ಕೆಳಗೆ ನಿಂತು ಚಪ್ಪಾಳೆ ತಟ್ಟಿದವರಿಗೆಲ್ಲ ಅದು ಗೊತ್ತಿತ್ತು. ಹುಡುಗ ನಮ್ಮವನು, ಹೋಗಲಿ ಎಂದು ಬಾಯಿ ಹೊಲಿದುಕೊಂಡು ಓಟು ಹಾಕಿದ್ದರು.

"ಮಗಾ," ಎಂದರು ಪಾ ಒಕೋಸಿ. "ಬಾಟಲಿ ಬಿಚ್ಚೋಕೆ ನಿನಗಿಂತ ನನಗೇ ಅವಸರ, ನಾಲಿಗೆ ಒಣಗಿ ಕೂತಿದ್ದೀನಿ. ಒಂದೇ ಮಾತು ಹೇಳಿಬಿಡು. ನಮ್ಮ ಇಬ್ಬರನ್ನ ಆ ಕಲಮಿಗೆ ವಾಪಸ್ ಹಾಕಿಸ್ತೀಯೋ, ಇಲ್ವೋ?"

ಹಾಕಿಸ್ತೀನಿ ಎನ್ನಲು ಬಾಯಿ ತೆರೆದಿತ್ತು. ಅಷ್ಟರಲ್ಲಿ ಫೋನು ಕೂಗಿತು. ಸ್ಪೀಕರ್. ಕುರೋಕೆಯಿ ಎದ್ದು ಕಂಬದ ಮರೆಗೆ ಹೋದ. ತೆಳ್ಳನೆಯ ಕಂಬ, ಅದರ ಹಿಂದೆ ಮರೆಯಾಗುವಂಥದ್ದು ಏನೂ ಇರಲಿಲ್ಲ. ಎಂಟು ವರ್ಷ ಬಾಟಲಿಗಳಲ್ಲಿ ಹೊಳೆಯ ಕೆಸರು ತುಂಬಿಕೊಂಡು ಸದನಕ್ಕೆ ಅಲೆದದ್ದು, ಆಕಳಿಸುವ ಮಂತ್ರಿಗಳ ಮುಂದೆ ಒದರಿದ್ದು, ಎಲ್ಲ ನೆನಪಾಯಿತು. ಟಿಕೆಟ್ಟಿಲ್ಲದೆ ಈ ಊರಿಗೆ ವಾಪಸ್ ಬಂದು ಬಲೆ ಹೆಣೆಯುತ್ತ ಕೂರುವ ತನ್ನ ಚಿತ್ರವೂ ಕಣ್ಣ ಮುಂದೆ ಬಂತು.

"ಸರ್... ಹೌದು ಸರ್. ಊರಲ್ಲೇ ಇದ್ದೀನಿ." ಅವನು ಹಿರಿಯರಿಗೆ ಬೆನ್ನು ತಿರುಗಿಸಿದ. "ಹ್ಞೂಂ. ಹಾಗೇ ಇರಲಿ ಸರ್."

ತಮರಾವ್ ಹತ್ತಿರ ಬಂದಳು. ಈಗ ಅವಳ ದನಿಯಲ್ಲಿ ಕೊಂಕಿರಲಿಲ್ಲ.

"ಯಾವುದು ಹಾಗೇ ಇರಲಿ, ಕುರೋಕೆಯಿ?"

ಅವನು ಫೋನನ್ನು ಜೇಬಿಗಿಳಿಸಿದ. ಕಾಲು ಮಡಚಿ ದಾರಿ ಬಿಟ್ಟ ಜನರ ನಡುವೆ ತಲೆ ಎತ್ತದೆ ನುಸುಳಿ, ದೋಣಿಕಟ್ಟೆಯ ಕಡೆಗೆ ನಡೆದ.